ಓದುಗರ ಪ್ರಶ್ನೆ: ಗೊರಕೆ, ಸ್ಟೇರಿಂಗ್ ಮತ್ತು ಫಾರಂ 1ಎ

ನಿದ್ದೆಯಲ್ಲಿ ಉಸಿರುಕಟ್ಟುವ ಕಾಯಿಲೆ, ಅಂದರೆ ಸ್ಲೀಪ್ ಅಪ್ನಿಯಾ, ಇದರ ಬಗ್ಗೆ ಲಾರಿ-ಬಸ್ಸು ಓಡಿಸುವವರಿಂದಲೂ ಅವರ ಮನೆಯವರಿಂದಲೂ ಬಂದ ಪತ್ರಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಹೆಚ್ಚಿನ ಪತ್ರಗಳ ಒಳಗಿನ ಭಯ ಒಂದೇ: ಪರೀಕ್ಷೆ ಮಾಡಿಸಿದರೆ ಲೈಸೆನ್ಸ್ ಹೋಗುತ್ತದೆಯೇ? ವೈದ್ಯಕೀಯ ಭಾಗಕ್ಕೆ ಶ್ವಾಸಕೋಶ ತಜ್ಞರೊಬ್ಬರು, ಕಾನೂನಿನ ಭಾಗಕ್ಕೆ ಮೋಟಾರು ವಾಹನ ಪ್ರಕರಣಗಳನ್ನು ನಡೆಸುವ ವಕೀಲರೊಬ್ಬರು ಉತ್ತರಿಸಿದ್ದಾರೆ.

ಪ್ರಶ್ನೆ: ನಮ್ಮ ಯಜಮಾನರಿಗೆ 46 ವರ್ಷ. ಹತ್ತು ಚಕ್ರದ ಲಾರಿ, ಹೆಚ್ಚಾಗಿ ಬೆಂಗಳೂರು–ಪುಣೆ ಲೈನ್. ಮನೆಗೆ ಬಂದ ರಾತ್ರಿ ಅವರ ಗೊರಕೆಗೆ ಮಕ್ಕಳು ಹಾಸಿಗೆ ಎತ್ತಿಕೊಂಡು ನಡುಮನೆಗೆ ಹೋಗುತ್ತಾರೆ. ನಡುನಡುವೆ ಗೊರಕೆ ನಿಂತು ಉಸಿರೇ ಇಲ್ಲದಂತಾಗುತ್ತದೆ, ಆಮೇಲೆ ಬೆಚ್ಚಿಬಿದ್ದ ಹಾಗೆ ಉಸಿರೆಳೆದುಕೊಳ್ಳುತ್ತಾರೆ. ಮುಂದಿನ ತಿಂಗಳು ಹೆವಿ ಲೈಸೆನ್ಸ್ ರಿನ್ಯೂವಲ್ ಇದೆ. ಇದನ್ನೆಲ್ಲ ಡಾಕ್ಟರ ಮುಂದೆ ಹೇಳಿದರೆ ಸರ್ಟಿಫಿಕೇಟ್ ಸಿಗುವುದಿಲ್ಲ, ಸುಮ್ಮನಿರು ಎನ್ನುತ್ತಾರೆ. — ಗೃಹಿಣಿ, ಹಿರಿಯೂರು

ಉತ್ತರ: ತಾಯಿ, ನೀವು ಬರೆದದ್ದು ಬರೀ ಗೊರಕೆಯಲ್ಲ. ಗೊರಕೆ, ಅದರ ಹಿಂದೆ ಮೌನ, ಅದರ ಹಿಂದೆ ಬೆಚ್ಚಿ ಎಳೆಯುವ ಉಸಿರು, ಹೀಗೆ ಸಾಲಾಗಿ ಬಂದರೆ ಸ್ಲೀಪ್ ಅಪ್ನಿಯಾ ಇರುವ ಸಾಧ್ಯತೆ ತುಂಬ ಹೆಚ್ಚು. ಇದನ್ನು ಕಾಣಬಲ್ಲವರು ಪಕ್ಕದಲ್ಲಿ ಮಲಗುವವರು ಮಾತ್ರ. ನಿದ್ದೆ ಹತ್ತಿದಾಗ ಗಂಟಲಿನ ಸ್ನಾಯುಗಳು ಸಡಿಲಗೊಂಡು, ನಾಲಗೆಯ ಬುಡ ಹಿಂದಕ್ಕೆ ಜಾರಿ, ಉಸಿರಿನ ದಾರಿ ಮುಚ್ಚಿಕೊಳ್ಳುತ್ತದೆ. 10 ಸೆಕೆಂಡೋ, ಇನ್ನೂ ಹೆಚ್ಚೋ ಹೊತ್ತು ಗಾಳಿ ಒಳಗೆ ಹೋಗುವುದಿಲ್ಲ. ರಕ್ತದಲ್ಲಿ ಆಮ್ಲಜನಕ ಇಳಿದಾಗ ಮೆದುಳು ಅರೆಕ್ಷಣ ಎಚ್ಚೆತ್ತು ಗಂಟಲು ತೆರೆಸುತ್ತದೆ. ಬೆಳಿಗ್ಗೆ ಅವರಿಗೆ ಇದರ ನೆನಪೇ ಇರುವುದಿಲ್ಲ. ಎಂಟು ಗಂಟೆ ಮಲಗಿದ್ದೆ ಎಂದೇ ಹೇಳುತ್ತಾರೆ, ಅದು ಸುಳ್ಳೂ ಅಲ್ಲ. ಆದರೆ ಮೆದುಳಿಗೆ ಅಷ್ಟು ಹೊತ್ತೂ ವಿಶ್ರಾಂತಿ ಸಿಕ್ಕಿರುವುದಿಲ್ಲ. ಆ ಬಾಕಿ ನಿದ್ದೆ ಹಗಲು ಊಟವಾದ ಮೇಲೆ, ಇಲ್ಲವೇ ಬೆಳಗಿನ ಜಾವ ಎರಡರಿಂದ ಐದರ ನಡುವೆ, ಸ್ಟೇರಿಂಗ್ ಹಿಡಿದಿರುವಾಗಲೇ ವಸೂಲಿಗೆ ಬರುತ್ತದೆ. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಲಾರಿ ಒಂದು ಸೆಕೆಂಡಿಗೆ 22 ಮೀಟರ್ ಹೋಗುತ್ತದೆ. ನಾಲ್ಕು ಸೆಕೆಂಡಿನ ಜೋಂಪಿಗೆ ಸುಮಾರು 90 ಮೀಟರ್.

ಇನ್ನು ಲೈಸೆನ್ಸ್ ವಿಷಯ. ಸಾರಿಗೆ ವಾಹನದ ಲೈಸೆನ್ಸ್ 5 ವರ್ಷಕ್ಕೊಮ್ಮೆ ನವೀಕರಣವಾಗಬೇಕು, ಅಪಾಯಕಾರಿ ಸರಕಿನ ಗಾಡಿಯಾದರೆ 3 ವರ್ಷಕ್ಕೊಮ್ಮೆ. ಅದಕ್ಕೆ ಆರೋಗ್ಯದ ಎರಡು ಕಾಗದ ಬೇಕು. ಫಾರಂ 1 ಚಾಲಕರೇ ಸಹಿ ಮಾಡುವ ಘೋಷಣೆ, ಫಾರಂ 1ಎ ವೈದ್ಯರು ಕೊಡುವ ಪ್ರಮಾಣಪತ್ರ. 1ಎಯಲ್ಲಿ ವೈದ್ಯರು ನೋಡುವುದು ದೃಷ್ಟಿ, 25 ಮೀಟರ್ ದೂರದ ನಂಬರ್ ಪ್ಲೇಟ್, ಕೆಂಪು-ಹಸಿರು ಬಣ್ಣ, ಇರುಳುಗಣ್ಣು, ಕಿವಿ, ಕೈಕಾಲು. ನಿದ್ದೆಯ ಬಗ್ಗೆ ಅದರಲ್ಲಿ ಒಂದು ಸಾಲೂ ಇಲ್ಲ. ಹೀಗಾಗಿ ನಿಮ್ಮ ಯಜಮಾನರು ಬಾಯಿ ಬಿಡದೆ ಹೋದರೆ ಹತ್ತು ನಿಮಿಷದಲ್ಲಿ ಸರ್ಟಿಫಿಕೇಟ್ ಸಿಕ್ಕಿಬಿಡುತ್ತದೆ. ನಮಗೆ ಆತಂಕ ಇರುವುದೇ ಇಲ್ಲಿ. ಆ ಕಾಗದ ಅವರ ಕಣ್ಣು-ಕಿವಿಗೆ ಸಾಕ್ಷಿಯೇ ಹೊರತು ರಾತ್ರಿಯ ಉಸಿರಿಗಲ್ಲ.

ಫಾರಂ 1ರ ಕೊನೆಯ ಪ್ರಶ್ನೆಯನ್ನು ಹೆಚ್ಚಿನವರು ಓದುವುದೇ ಇಲ್ಲ. ಏಜೆಂಟರು ‘ಇಲ್ಲ’ ಎಂದು ಗುರುತು ಹಾಕಿ ಸಹಿಗೆ ಚಾಚುತ್ತಾರೆ. ಅಲ್ಲಿ ಕೇಳಿರುವುದು ಇಷ್ಟು: ನೀವು ವಾಹನ ಓಡಿಸುವುದರಿಂದ ಸಾರ್ವಜನಿಕರಿಗೆ ಅಪಾಯವಾಗುವಂಥ ಬೇರೆ ಯಾವುದಾದರೂ ಕಾಯಿಲೆ ನಿಮಗಿದೆಯೇ? ಸ್ಲೀಪ್ ಅಪ್ನಿಯಾ ಬರುವುದು ಈ ಪ್ರಶ್ನೆಯ ಅಡಿಯಲ್ಲಿ. ಚಿಕಿತ್ಸೆ ಇಲ್ಲದೆ ಹಗಲು ತೂಕಡಿಸುವವರಿಗೆ ಪ್ರಾಮಾಣಿಕ ಉತ್ತರ ‘ಹೌದು’. ಚಿಕಿತ್ಸೆ ನಡೆಯುತ್ತಿದ್ದು ತೂಕಡಿಕೆ ಪೂರ್ತಿ ಹೋಗಿದ್ದರೆ, ಅಪಾಯ ತರುವ ಸ್ಥಿತಿ ಈಗಿಲ್ಲ ಎಂದು ತಜ್ಞರ ಪತ್ರ ಲಗತ್ತಿಸಿ ಬರೆಯಬಹುದು. ಕಾಯಿಲೆಯ ಹೆಸರಿದ್ದ ಮಾತ್ರಕ್ಕೆ ಲೈಸೆನ್ಸ್ ಕೊಡಬಾರದೆಂಬ ನಿಯಮ ನಮ್ಮಲ್ಲಿಲ್ಲ. ಅದರಿಂದ ಅಪಾಯವಿದೆಯೇ ಎಂಬುದೇ ಕಾನೂನಿನ ಪ್ರಶ್ನೆ.

ಮುಚ್ಚಿಟ್ಟರೆ ಏನಾಗುತ್ತದೆ ಎಂಬುದನ್ನೂ ಹೇಳಬೇಕು. ಅಪಾಯ ತರುವ ಕಾಯಿಲೆ ಇದೆಯೆಂದು ತಿಳಿದೂ ಗಾಡಿ ಓಡಿಸುವುದು ಮೋಟಾರು ವಾಹನ ಕಾಯ್ದೆಯ 186ನೇ ಕಲಮಿನಲ್ಲಿ ಅಪರಾಧ. ಮೊದಲ ಸಲಕ್ಕೆ 1,000 ರೂಪಾಯಿವರೆಗೆ ದಂಡ, ಮತ್ತೆ ಮಾಡಿದರೆ 2,000. ದಂಡ ಸಣ್ಣದು. ಆದರೆ ಜೀವಹಾನಿಯಾದರೆ ನಿರ್ಲಕ್ಷ್ಯದಿಂದಾದ ಸಾವಿಗೆ ಭಾರತೀಯ ನ್ಯಾಯ ಸಂಹಿತೆಯ 106(1) ಕಲಮಿನಲ್ಲಿ 5 ವರ್ಷದವರೆಗೆ ಜೈಲು ಇದೆ, ಮತ್ತು ‘ಗೊತ್ತಿದ್ದೂ ಹೇಳಲಿಲ್ಲ’ ಎಂಬ ದಾಖಲೆ ಅಲ್ಲಿ ಬಹಳ ಭಾರವಾಗುತ್ತದೆ. 16ನೇ ಕಲಮಿನ ಪ್ರಕಾರ, ಚಾಲಕರು ಅನರ್ಹರೆಂದು ನಂಬಲು ಕಾರಣವಿದ್ದರೆ ಆರ್‌ಟಿಒ ಯಾವಾಗ ಬೇಕಾದರೂ ಹೊಸ ವೈದ್ಯಕೀಯ ಪ್ರಮಾಣಪತ್ರ ಕೇಳಬಹುದು, ಲೈಸೆನ್ಸ್ ರದ್ದೂ ಮಾಡಬಹುದು. ಹಾಗಾದರೆ ಆದೇಶ ಕೈಸೇರಿದ 30 ದಿನದೊಳಗೆ ಮೇಲ್ಮನವಿಗೆ ಅವಕಾಶವಿದೆ.

ನಿಮಗೆ ಒಂದು ತಿಂಗಳಿದೆ, ಅದು ಸಾಕು. ಈ ವಾರವೇ ಶ್ವಾಸಕೋಶ ತಜ್ಞರನ್ನೋ, ಸ್ಲೀಪ್ ಲ್ಯಾಬ್ ಇರುವ ಇಎನ್‌ಟಿ ತಜ್ಞರನ್ನೋ ಕಾಣಿಸಿ. ಬೆಂಗಳೂರಿಗೆ ಬರುವುದಾದರೆ ನಿಮ್ಹಾನ್ಸ್‌ನಲ್ಲಿ ನಿದ್ರಾ ತೊಂದರೆಗಳಿಗೆಂದೇ ಕ್ಲಿನಿಕ್ ಇದೆ. ಹೋಗುವ ಮೊದಲು ಒಂದು ರಾತ್ರಿ ಅವರು ಮಲಗಿದ್ದಾಗ ಮೊಬೈಲಿನಲ್ಲಿ ಎರಡು ನಿಮಿಷದ ವಿಡಿಯೋ ಮಾಡಿಕೊಳ್ಳಿ. ಮುಖ ಕಾಣುವುದಕ್ಕಿಂತ ಎದೆ-ಹೊಟ್ಟೆ ಕಾಣುವುದು ಮುಖ್ಯ. ಉಸಿರು ನಿಂತಾಗಲೂ ಹೊಟ್ಟೆ ಏರಿಳಿಯುತ್ತಿದ್ದರೆ ದಾರಿ ಕಟ್ಟಿದೆ ಎಂದು ವೈದ್ಯರಿಗೆ ನೋಡಿದ ಕೂಡಲೇ ಗೊತ್ತಾಗುತ್ತದೆ. ಪರೀಕ್ಷೆ, ಮಲಗಿದಾಗ ಗಾಳಿಯ ಒತ್ತಡದಿಂದ ಗಂಟಲು ತೆರೆದಿಡುವ ಸಿಪ್ಯಾಪ್ ಯಂತ್ರ, ಎರಡು-ಮೂರು ವಾರದ ಬಳಕೆ, ಆಮೇಲೆ ತಜ್ಞರ ಪತ್ರ ಹಿಡಿದು ಫಾರಂ 1ಎಗೆ ಹೋಗುವುದು, ಈ ಕ್ರಮದಲ್ಲಿ ನಡೆಯಲಿ. ತಡವಾದರೆ ಗಾಬರಿಯಾಗಬೇಡಿ. ಅವಧಿ ಮುಗಿದ ಮೇಲೂ ಒಂದು ವರ್ಷದೊಳಗೆ ನವೀಕರಣಕ್ಕೆ ಅರ್ಜಿ ಹಾಕಬಹುದು, ಆದರೆ ಮುಗಿದ ದಿನದಿಂದ ಹೊಸದು ಬರುವವರೆಗೆ ಗಾಡಿ ಮುಟ್ಟುವಂತಿಲ್ಲ. ಹಿಂದೆ ಇದ್ದ 30 ದಿನದ ವಿನಾಯಿತಿ 2019ರ ತಿದ್ದುಪಡಿಯಲ್ಲಿ ಹೋಯಿತು.

ಪರೀಕ್ಷೆ ಮುಗಿಯುವವರೆಗೆ ರಾತ್ರಿ ಟ್ರಿಪ್ ಬೇಡ. ಇದನ್ನು ನೀವೇ ಹಟ ಹಿಡಿದು ನಿಲ್ಲಿಸಬೇಕು. ಗುಟ್ಕಾ, ಮುಖಕ್ಕೆ ತಣ್ಣೀರು, ಜೋರು ಹಾಡು, ಇವುಗಳ ಬಲ ಕೆಲವೇ ನಿಮಿಷ. ರೆಪ್ಪೆ ಭಾರವಾದರೆ ಗಾಡಿ ಬದಿಗೆ ಹಾಕಿ, ಒಂದು ಲೋಟ ಕಾಫಿ ಕುಡಿದು 20 ನಿಮಿಷ ಮಲಗುವುದೊಂದೇ ಕೆಲಸ ಮಾಡುವ ಉಪಾಯ. ಅದೂ ಆ ಹೊತ್ತಿಗೆ ಮಾತ್ರ.

ಪ್ರಶ್ನೆ: ಬಸ್ ಚಾಲಕ, 49 ವರ್ಷ. ಬಿಪಿಗೆ ಮೂರು ಬಗೆಯ ಮಾತ್ರೆ ನುಂಗಿದರೂ 160ರ ಕೆಳಗೆ ಇಳಿಯುತ್ತಿಲ್ಲ. ವೈದ್ಯರು ಸ್ಲೀಪ್ ಸ್ಟಡಿ ಮಾಡಿಸಿ ಎಂದಿದ್ದಾರೆ. ಬಿಪಿಗೂ ನಿದ್ದೆಗೂ ಏನು ಸಂಬಂಧ? ಆ ಪರೀಕ್ಷೆಯಲ್ಲಿ ಏನು ಮಾಡುತ್ತಾರೆ, ಮನೆಯಲ್ಲೇ ಆಗುತ್ತದೆಯೇ? — ದಾವಣಗೆರೆ

ಉತ್ತರ: ಸಂಬಂಧ ನೇರವಾದದ್ದು. ಪ್ರತಿ ಸಲ ಉಸಿರು ಕಟ್ಟಿದಾಗ ದೇಹ ಗಾಬರಿಯಿಂದ ಅಡ್ರಿನಲಿನ್ ಸುರಿಸುತ್ತದೆ, ರಕ್ತನಾಳಗಳು ಬಿಗಿಯುತ್ತವೆ, ಬಿಪಿ ಏರುತ್ತದೆ. ರಾತ್ರಿಯೆಲ್ಲ ಹೀಗಾದರೆ ಹಗಲೂ ಅದು ಇಳಿಯುವುದಿಲ್ಲ. ಮೂರು ಮಾತ್ರೆಗೂ ಬಗ್ಗದ ಬಿಪಿಯ ಹಿಂದೆ ಸ್ಲೀಪ್ ಅಪ್ನಿಯಾ ಅಡಗಿರುವುದು ತುಂಬ ಸಾಮಾನ್ಯ. ನಿಮ್ಮ ವೈದ್ಯರು ಸರಿಯಾದ ಜಾಗಕ್ಕೇ ಕೈ ಹಾಕಿದ್ದಾರೆ.

ಮನೆಯಲ್ಲಿ ಮಾಡುವ ಚಿಕ್ಕ ಪರೀಕ್ಷೆಯೂ ಇದೆ, ಲ್ಯಾಬಿನಲ್ಲಿ ಒಂದು ರಾತ್ರಿ ಮಲಗಿಸಿ ಮಾಡುವ ಪೂರ್ಣ ಪರೀಕ್ಷೆಯೂ ಇದೆ. ಮನೆಯದರಲ್ಲಿ ಮೂಗಿಗೆ ಸಣ್ಣ ಕೊಳವೆ, ಎದೆಗೆ ಒಂದು ಪಟ್ಟಿ, ಬೆರಳಿಗೆ ಆಮ್ಲಜನಕ ಅಳೆಯುವ ಕ್ಲಿಪ್, ಇಷ್ಟೇ. ಖರ್ಚು ಕಡಿಮೆ. ಒಂದು ಕೊರತೆಯಿದೆ: ಅದು ನೀವು ನಿದ್ದೆ ಮಾಡಿದ ಹೊತ್ತನ್ನಲ್ಲ, ಯಂತ್ರ ಓಡಿದ ಹೊತ್ತನ್ನು ಲೆಕ್ಕ ಹಿಡಿಯುತ್ತದೆ. ಎರಡು ಗಂಟೆ ಎಚ್ಚರವಾಗಿ ಹೊರಳಾಡಿದ್ದರೂ ಅದು ಭಾಗಾಕಾರದಲ್ಲಿ ಸೇರಿ ಕಾಯಿಲೆ ಇರುವುದಕ್ಕಿಂತ ಹಗುರವಾಗಿ ಕಾಣುತ್ತದೆ. ಮನೆ ಪರೀಕ್ಷೆಯಲ್ಲಿ ‘ಇದೆ’ ಎಂದು ಬಂದರೆ ನಂಬಿ. ಲಕ್ಷಣಗಳಿದ್ದೂ ‘ಇಲ್ಲ’ ಎಂದು ಬಂದರೆ ಲ್ಯಾಬಿಗೆ ಹೋಗಿ. ಪ್ರಯಾಣಿಕರನ್ನು ಹೊತ್ತು ಹೋಗುವ ನಿಮ್ಮಂಥವರಿಗೆ, ಸೌಕರ್ಯವಿದ್ದರೆ, ಮೊದಲೇ ಲ್ಯಾಬ್ ಪರೀಕ್ಷೆ ಮಾಡಿಸುವುದು ಒಳ್ಳೆಯದು. ಪರೀಕ್ಷೆಗೆ ಮಲಗಿದವರು ನೀವೇ ಎಂಬುದಕ್ಕೂ ಅಲ್ಲಿ ಸಾಕ್ಷಿ ಇರುತ್ತದೆ.

ಲ್ಯಾಬಿಗೆ ರಾತ್ರಿ ಎಂಟು-ಒಂಬತ್ತರ ಹೊತ್ತಿಗೆ ಹೋಗಬೇಕು. ತಲೆಗೆ, ಕಣ್ಣಿನ ಪಕ್ಕಕ್ಕೆ, ಗದ್ದಕ್ಕೆ, ಕಾಲಿಗೆ ತಂತಿ ಅಂಟಿಸುತ್ತಾರೆ, ಎದೆಗೂ ಹೊಟ್ಟೆಗೂ ಪಟ್ಟಿ ಕಟ್ಟುತ್ತಾರೆ. ಸೂಜಿ ಇಲ್ಲ, ನೋವಿಲ್ಲ. ಅಂದು ತಲೆಗೆ ಸ್ನಾನ ಮಾಡಿ, ಎಣ್ಣೆ ಮಾತ್ರ ಹಚ್ಚಬೇಡಿ. ಕೊಬ್ಬರಿ ಎಣ್ಣೆಯ ತಲೆಗೆ ಅಂಟಿಸಿದ ತಂತಿ ನಡುರಾತ್ರಿ ಕಿತ್ತುಬಂದು ಇಡೀ ಪರೀಕ್ಷೆ ಮತ್ತೆ ಮಾಡಬೇಕಾಗುವುದು ನಮ್ಮ ಊರುಗಳಲ್ಲಿ ಆಗಾಗ ನಡೆಯುತ್ತದೆ. ಮಧ್ಯಾಹ್ನದ ಮೇಲೆ ಕಾಫಿ-ಟೀ ಬೇಡ, ಹಗಲು ನಿದ್ದೆ ಬೇಡ, ಮದ್ಯ ಬೇಡವೇ ಬೇಡ. ಬಿಪಿ ಮಾತ್ರೆ ಎಂದಿನಂತೆ ತೆಗೆದುಕೊಳ್ಳಿ. ನೀವು ನೈಟ್ ಸರ್ವಿಸ್‌ನಲ್ಲಿದ್ದು ಹಗಲು ಮಲಗುವವರಾದರೆ ಮೊದಲೇ ತಿಳಿಸಿ, ನಿಮ್ಮ ನಿದ್ದೆಯ ಹೊತ್ತಿಗೇ ಪರೀಕ್ಷೆ ಹೊಂದಿಸಲು ಕೇಳಿ.

ವರದಿಯಲ್ಲಿ ಮೊದಲು ನೋಡಬೇಕಾದ ಅಂಕಿ ಎಎಚ್‌ಐ. ಒಂದು ಗಂಟೆಯ ನಿದ್ದೆಯಲ್ಲಿ ಉಸಿರು ಎಷ್ಟು ಸಲ ಪೂರ್ತಿ ನಿಂತಿತು ಅಥವಾ ತುಂಬ ಕುಗ್ಗಿತು ಎಂಬ ಲೆಕ್ಕ ಅದು. 5ಕ್ಕಿಂತ ಕಡಿಮೆ ಸಹಜ, 5ರಿಂದ 15 ಸೌಮ್ಯ, 15ರಿಂದ 30 ಮಧ್ಯಮ, 30 ದಾಟಿದರೆ ತೀವ್ರ. ಎಎಚ್‌ಐ 32 ಎಂದಿದ್ದು ಆರು ಗಂಟೆ ಮಲಗಿದ್ದರೆ ಒಂದೇ ರಾತ್ರಿಯಲ್ಲಿ 192 ಸಲ. ಜೊತೆಗೆ ಆಮ್ಲಜನಕ ಎಷ್ಟಕ್ಕೆ ಇಳಿಯಿತು, 90ರ ಕೆಳಗೆ ಎಷ್ಟು ನಿಮಿಷ ಇತ್ತು ಎಂಬುದನ್ನೂ ನೋಡಿ. ತೀವ್ರವಾಗಿದ್ದರೆ ಮೊದಲರ್ಧ ರಾತ್ರಿ ಪರೀಕ್ಷೆ, ಉಳಿದರ್ಧದಲ್ಲಿ ಸಿಪ್ಯಾಪ್ ಯಂತ್ರ ಹಾಕಿ ಎಷ್ಟು ಒತ್ತಡ ಬೇಕೆಂದು ನೋಡುವ ಪದ್ಧತಿಯೂ ಇದೆ. ಎರಡನೇ ರಾತ್ರಿಯ ಖರ್ಚು ಉಳಿಯುತ್ತದೆ, ಕೇಳಿ ನೋಡಿ.

ಎಎಚ್‌ಐ ಒಂದರಿಂದಲೇ ಚಾಲಕರ ಅರ್ಹತೆ ತೀರ್ಮಾನವಾಗುವುದಿಲ್ಲ. ಹಗಲಿನ ತೂಕಡಿಕೆಯನ್ನು ಎಪ್‌ವರ್ತ್ ಪಟ್ಟಿಯಲ್ಲಿ ಅಳೆಯುತ್ತಾರೆ: ಎಂಟು ಸಂದರ್ಭ, ಒಂದೊಂದಕ್ಕೆ 0ಯಿಂದ 3 ಅಂಕ. 10 ದಾಟಿದರೆ ತೂಕಡಿಕೆ ಹೆಚ್ಚು ಎಂದರ್ಥ. ಟಿವಿ ನೋಡುವಾಗ, ಊಟವಾಗಿ ಸುಮ್ಮನೆ ಕೂತಾಗ ಇತ್ಯಾದಿ ಪ್ರಶ್ನೆಗಳ ಕೊನೆಯಲ್ಲಿ, ಟ್ರಾಫಿಕ್‌ನಲ್ಲಿ ಕೆಲ ನಿಮಿಷ ಗಾಡಿ ನಿಂತಾಗ ಜೋಂಪು ಹತ್ತುತ್ತದೆಯೇ ಎಂಬುದಿದೆ. ಚಾಲಕರು ಆ ಸಾಲಿಗೆ ಕಣ್ಣುಮುಚ್ಚಿ ಸೊನ್ನೆ ಬರೆಯುತ್ತಾರೆಂದು ವೈದ್ಯರಿಗೆ ಗೊತ್ತು. ಅನುಮಾನವಿದ್ದರೆ ಎಚ್ಚರ ಉಳಿಸಿಕೊಳ್ಳುವ ಪರೀಕ್ಷೆ ಮಾಡಬಹುದು. ಮಂದ ಬೆಳಕಿನ ಕೋಣೆಯಲ್ಲಿ 40 ನಿಮಿಷದಂತೆ ನಾಲ್ಕು ಸಲ ಸುಮ್ಮನೆ ಕೂರಿಸಿ, ನಿದ್ದೆಗೆ ಜಾರುತ್ತೀರಾ ಎಂದು ಮೆದುಳಿನ ಅಲೆಗಳಲ್ಲೇ ನೋಡುತ್ತಾರೆ.

ಪ್ರಶ್ನೆ: ಎಎಚ್‌ಐ 41 ಬಂದು ಸಿಪ್ಯಾಪ್ ಬರೆದುಕೊಟ್ಟಿದ್ದಾರೆ. ತಿಂಗಳಿಗೆ ಇಪ್ಪತ್ತು ರಾತ್ರಿ ನಾನು ಮಲಗುವುದು ಲಾರಿ ಕ್ಯಾಬಿನ್ನಿನಲ್ಲಿ. ಅಲ್ಲಿ ಯಂತ್ರ ಹೇಗೆ ಓಡಿಸಲಿ? — ಅದಿರು ಲಾರಿ ಚಾಲಕ, ಸಂಡೂರು

ಉತ್ತರ: ಎಲ್ಲರೂ ಕೇಳಬೇಕಾದ ಪ್ರಶ್ನೆ. ಚಾಲಕರು ಯಂತ್ರ ಕೊಂಡು ಮನೆಯ ಅಟ್ಟಕ್ಕೆ ಹಾಕುವುದು ಈ ಒಂದು ಸಮಸ್ಯೆಯಿಂದಲೇ.

ಸಿಪ್ಯಾಪ್ ಎಂದರೆ ಮಾಸ್ಕಿನ ಮೂಲಕ ಸತತ ಒತ್ತಡದ ಗಾಳಿ ಕೊಟ್ಟು ಗಂಟಲು ಮುಚ್ಚದಂತೆ ಹಿಡಿಯುವ ಸಣ್ಣ ಬ್ಲೋವರ್. ಆಮ್ಲಜನಕದ ಸಿಲಿಂಡರ್ ಅಲ್ಲ. ಮೊದಲು ಕರೆಂಟಿನ ವಿಷಯ. ಹೆವಿ ಲಾರಿಯಲ್ಲಿ 12 ವೋಲ್ಟಿನ ಎರಡು ಬ್ಯಾಟರಿ ಸಾಲಾಗಿ ಜೋಡಿಸಿ 24 ವೋಲ್ಟ್ ಮಾಡಿರುತ್ತಾರೆ. ಒಂದೇ ಬ್ಯಾಟರಿಯಿಂದ 12 ವೋಲ್ಟ್ ಎಳೆದುಕೊಡುವ ಎಲೆಕ್ಟ್ರಿಷಿಯನ್ನರು ಸಿಗುತ್ತಾರೆ, ಹಾಗೆ ಮಾಡಿಸಬೇಡಿ. ಒಂದು ಬ್ಯಾಟರಿ ಬರಿದಾಗಿ ಇನ್ನೊಂದು ಅತಿಯಾಗಿ ಚಾರ್ಜ್ ಆಗಿ ಎರಡೂ ಬೇಗ ಸಾಯುತ್ತವೆ. ಯಂತ್ರದ ಕಂಪನಿಯದೇ ಡಿಸಿ ಕನ್ವರ್ಟರ್, 24 ವೋಲ್ಟ್ ಇನ್‌ಪುಟ್ ತಡೆಯುವಂಥದ್ದು, ಎರಡೂ ಬ್ಯಾಟರಿಯ ಮೇಲೆ ಹಾಕಿಸಿ. ಬ್ಯಾಟರಿಯ ಹತ್ತಿರವೇ ಫ್ಯೂಸ್ ಇರಲಿ. ಇನ್ವರ್ಟರೇ ಬೇಕೆಂದರೆ ಪ್ಯೂರ್ ಸೈನ್ ವೇವ್ ಇರಲಿ, ಅಗ್ಗದ್ದು ಯಂತ್ರದ ಅಡಾಪ್ಟರನ್ನು ಸುಡಬಹುದು.

ಹೆಚ್ಚು ಕರೆಂಟು ತಿನ್ನುವುದು ಬ್ಲೋವರ್ ಅಲ್ಲ, ಗಾಳಿಗೆ ತೇವ ಕೊಡುವ ಹ್ಯುಮಿಡಿಫೈಯರ್ ಮತ್ತು ಬಿಸಿ ಕೊಳವೆ. ಬ್ಯಾಟರಿಯ ಮೇಲೆ ಓಡಿಸುವಾಗ ಅವೆರಡನ್ನೂ ಆಫ್ ಮಾಡಿ. ಇಲ್ಲದಿದ್ದರೆ ಬೆಳಿಗ್ಗೆ ಸೆಲ್ಫ್ ಎತ್ತದೆ ನಿಲ್ಲುತ್ತೀರಿ, ಆ ಒಂದು ಬೆಳಗಿನ ಸಿಟ್ಟಿಗೆ ಯಂತ್ರ ಮೂಲೆ ಸೇರುತ್ತದೆ. ಇನ್ನೂ ಒಳ್ಳೆಯ ದಾರಿಯೆಂದರೆ ಯಂತ್ರಕ್ಕೇ ಬೇರೆ ಬ್ಯಾಟರಿ ಇಟ್ಟುಕೊಂಡು ಗಾಡಿ ಓಡುವಾಗ ಚಾರ್ಜ್ ಮಾಡಿಕೊಳ್ಳುವುದು.

ನೀರಿನ ಡಬ್ಬಿ ಹಾಕುವ ರಾತ್ರಿ ಡಿಸ್ಟಿಲ್ಡ್ ವಾಟರ್ ಬಳಸಿ, ಸಿಗದಿದ್ದರೆ ಕುದಿಸಿ ಆರಿಸಿದ ನೀರು. ಬ್ಯಾಟರಿಗೆ ಹಾಕುವ ನೀರು ಉಸಿರಿಗೆ ಮಾಡಿದ್ದಲ್ಲ. ಗಾಡಿ ಸ್ಟಾರ್ಟ್ ಮಾಡುವ ಮೊದಲು ಡಬ್ಬಿಯನ್ನು ಪೂರ್ತಿ ಖಾಲಿ ಮಾಡಲೇಬೇಕು. ಮೊದಲ ಹಂಪಿನಲ್ಲೇ ನೀರು ಹಿಂದಕ್ಕೆ ಚೆಲ್ಲಿ ಮೋಟಾರಿಗೆ ಹೋಗುತ್ತದೆ, ಅಲ್ಲಿಗೆ ಯಂತ್ರ ಮುಗಿಯಿತು.

ನಿಮ್ಮದು ಅದಿರಿನ ದಾರಿ. ಯಂತ್ರದ ಹಿಂಬದಿಯ ಬಿಳಿ ಫಿಲ್ಟರನ್ನು ಬೇರೆಯವರು ತಿಂಗಳಿಗೊಮ್ಮೆ ನೋಡಿದರೆ ನೀವು ವಾರಕ್ಕೊಮ್ಮೆ ನೋಡಿ. ಕೆಂಪಗೋ ಬೂದಿಯಂತೆಯೋ ಆಗಿದ್ದರೆ ಬದಲಿಸಿ. ಕಾಗದದಂಥ ಫಿಲ್ಟರ್ ತೊಳೆದು ಹಾಕುವಂಥದ್ದಲ್ಲ. ಕ್ಯಾಬಿನ್ನಿನ ನೆಲದ ಮೇಲೆ ಯಂತ್ರ ಇಟ್ಟರೆ ಅಲ್ಲಿನ ಧೂಳನ್ನೆಲ್ಲ ಎಳೆದುಕೊಳ್ಳುತ್ತದೆ. ನೆಲದಿಂದ ಮೇಲೆ, ಆದರೆ ತಲೆಯ ಮಟ್ಟಕ್ಕಿಂತ ಕೆಳಗೆ ಇಡಿ, ಕೊಳವೆಯಲ್ಲಿ ಕಟ್ಟಿದ ತೇವ ಮುಖಕ್ಕೆ ಬರದೆ ಹಿಂದಕ್ಕೆ ಇಳಿಯುತ್ತದೆ.

ಮಾಸ್ಕ್ ಅಳತೆಯನ್ನು ಕೂತು ನೋಡಬೇಡಿ, ಮಲಗಿ ನೋಡಿ. ಮಲಗಿದಾಗ ಮುಖದ ಆಕಾರವೇ ಬದಲಾಗುತ್ತದೆ. ದಪ್ಪ ಮೀಸೆ ಇದ್ದರೆ ಮೂಗಿನ ಹೊಳ್ಳೆಗೆ ಕೂರುವ ಮಾಸ್ಕ್ ಅಡಿಯಿಂದ ಗಾಳಿ ಸೋರುತ್ತದೆ. ಬಾಯಿ ತೆರೆದು ಮಲಗುವವರಿಗೆ ಮೂಗು-ಬಾಯಿ ಎರಡೂ ಮುಚ್ಚುವ ಮಾಸ್ಕ್ ಬೇಕಾಗಬಹುದು. ಸೋರುತ್ತದೆಂದು ಪಟ್ಟಿ ಬಿಗಿದರೆ ಮೂಗಿನ ಮೇಲೆ ಹುಣ್ಣಾಗುತ್ತದೆ, ಸೋರಿಕೆ ಮಾತ್ರ ನಿಲ್ಲುವುದಿಲ್ಲ. ಅಳತೆ ಬದಲಿಸಬೇಕು. ಕೊಳ್ಳುವ ಮೊದಲು ಕೆಲ ವಾರ ಬಾಡಿಗೆಗೆ ತಂದು ನೋಡುವ ಸೌಲಭ್ಯ ಹಲವು ಕಡೆ ಇದೆ. ಬೆಳಿಗ್ಗೆ ಮಾಸ್ಕಿನ ರಬ್ಬರ್ ಅಂಚನ್ನು ಸಾದಾ ಸೋಪಿನ ನೀರಿನಲ್ಲಿ ತೊಳೆಯಿರಿ. ಮುಖದ ಜಿಡ್ಡು ಉಳಿದರೆ ಮರುರಾತ್ರಿ ಸೋರುತ್ತದೆ.

ಯಂತ್ರ ಪ್ರತಿ ರಾತ್ರಿ ಎಷ್ಟು ಗಂಟೆ ಓಡಿತು, ಎಷ್ಟು ಸೋರಿತು, ಯಂತ್ರ ಹಾಕಿಯೂ ಉಸಿರು ಎಷ್ಟು ಸಲ ಕಟ್ಟಿತು ಎಂದು ಬರೆದಿಟ್ಟುಕೊಳ್ಳುತ್ತದೆ. ಚಾಲಕರಿಗೆ ಅದೇ ದೊಡ್ಡ ದಾಖಲೆ. ನೂರರಲ್ಲಿ 70 ರಾತ್ರಿ, ರಾತ್ರಿಗೆ ಕನಿಷ್ಠ 4 ಗಂಟೆ ಎಂಬುದು ಹಲವು ದೇಶಗಳಲ್ಲಿ ಬಳಕೆಯಲ್ಲಿರುವ ಕನಿಷ್ಠ ಗೆರೆ. 30 ರಾತ್ರಿಗೆ 21. ಗೆರೆ ಮುಟ್ಟಿದರೆ ಸಾಕೆಂದುಕೊಳ್ಳಬೇಡಿ: ಮಲಗಿದಷ್ಟೂ ಹೊತ್ತು ಮಾಸ್ಕ್ ಇರಬೇಕು, ಹಗಲಿನ ನಿದ್ದೆಗೂ ಸೇರಿ.

ಪ್ರಶ್ನೆ: ನನ್ನ ಹತ್ತಿರ 14 ಲಾರಿಗಳಿವೆ. ಚಾಲಕರನ್ನೆಲ್ಲ ಪರೀಕ್ಷೆ ಮಾಡಿಸಬೇಕೆಂದಿದ್ದೇನೆ. ಎಲ್ಲಿಂದ ಶುರು ಮಾಡಲಿ? ಕಾಯಿಲೆ ಇದ್ದವರನ್ನು ಬಿಡಿಸಬಹುದೇ? — ಸಾರಿಗೆ ಉದ್ಯಮಿ, ಹುಬ್ಬಳ್ಳಿ

ಉತ್ತರ: ಬಿಡಿಸುವ ಮಾತನ್ನು ಮೊದಲೇ ಆಡಿದರೆ ಒಬ್ಬರೂ ನಿಜ ಹೇಳುವುದಿಲ್ಲ, ನಿಮ್ಮ ದುಡ್ಡೂ ದಂಡ. ಪರೀಕ್ಷೆ ಮತ್ತು ಚಿಕಿತ್ಸೆ ನಡೆಯುವಷ್ಟು ದಿನ ಹಗಲಿನ ಹತ್ತಿರದ ಟ್ರಿಪ್ಪೋ, ಲೋಡಿಂಗ್ ಮೇಲುಸ್ತುವಾರಿಯೋ ಕೊಡುತ್ತೇನೆ, ಸಂಬಳ ತಪ್ಪುವುದಿಲ್ಲ ಎಂದು ಮೊದಲು ಬರೆದುಕೊಡಿ. ಆಮೇಲೆ ಟೇಪ್ ಹಿಡಿಯಿರಿ.

ಸ್ಟಾಪ್‌ಬ್ಯಾಂಗ್ ಎಂಬ ಎಂಟು ಪ್ರಶ್ನೆಗಳ ಪಟ್ಟಿ ಸಾಕು: ಜೋರು ಗೊರಕೆ, ಹಗಲು ದಣಿವು, ಉಸಿರು ನಿಂತದ್ದನ್ನು ಯಾರಾದರೂ ಕಂಡಿದ್ದಾರೆಯೇ, ಬಿಪಿ, ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಲೆಕ್ಕ) 35ಕ್ಕಿಂತ ಹೆಚ್ಚೇ, ವಯಸ್ಸು 50 ದಾಟಿದೆಯೇ, ಕತ್ತು 40 ಸೆಂಟಿಮೀಟರ್ ಮೀರಿದೆಯೇ, ಗಂಡಸೇ. ‘ಹೌದು’ ಮೂರು-ನಾಲ್ಕಾದರೆ ಮಧ್ಯಮ ಅಪಾಯ, ಐದು ಅಥವಾ ಅದಕ್ಕೂ ಮೇಲಾದರೆ ಹೆಚ್ಚು. ಬಿಎಂಐ 35 ಎಂಬ ಗೆರೆ ನಮ್ಮವರಿಗೆ ತುಂಬ ಸಡಿಲ. ಭಾರತೀಯರಲ್ಲಿ 25ಕ್ಕೇ ಬೊಜ್ಜು ಎಂದು ಲೆಕ್ಕ, ದವಡೆ ಸಣ್ಣದಿದ್ದರೆ ತೆಳ್ಳಗಿನವರಿಗೂ ಈ ಕಾಯಿಲೆ ಬರುತ್ತದೆ. ಹೊಟ್ಟೆ ಇಲ್ಲವೆಂದು ಯಾರನ್ನೂ ಪಟ್ಟಿಯಿಂದ ಕೈಬಿಡಬೇಡಿ. ‘ಯಾರಾದರೂ ಕಂಡಿದ್ದಾರೆಯೇ’ ಎಂಬುದನ್ನು ಚಾಲಕರ ಮನೆಯವರನ್ನೋ, ಅದೇ ಕ್ಯಾಬಿನ್ನಿನಲ್ಲಿ ಮಲಗುವ ಕ್ಲೀನರನ್ನೋ ಕೇಳಿ.

ವೈದ್ಯರ ವರದಿ ನಿಮ್ಮ ಕಚೇರಿಯ ಫೈಲಿಗೆ ಬರಬೇಕಿಲ್ಲ. ‘ಅರ್ಹ’, ‘ಈ ಷರತ್ತಿನ ಮೇಲೆ ಅರ್ಹ’, ‘ಸದ್ಯಕ್ಕೆ ಬೇಡ’ ಎಂಬ ಒಂದು ಸಾಲಿನ ಪತ್ರ ಸಾಕು. ಚಿಕಿತ್ಸೆ ಪಡೆದವರು ಮತ್ತೆ ಸ್ಟೇರಿಂಗ್ ಹಿಡಿಯಬಹುದು. ಅಮೆರಿಕದ ದೊಡ್ಡ ಲಾರಿ ಕಂಪನಿಯೊಂದರ ಚಾಲಕರ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಯಂತ್ರ ಕೊಟ್ಟರೂ ಹಾಕದವರಲ್ಲಿ ತಪ್ಪಿಸಬಹುದಾಗಿದ್ದ ಗಂಭೀರ ಅಪಘಾತಗಳ ಪ್ರಮಾಣ ಕಾಯಿಲೆ ಇಲ್ಲದವರಿಗಿಂತ ಐದು ಪಟ್ಟು ಕಂಡುಬಂತು. ಸರಿಯಾಗಿ ಹಾಕಿದವರಲ್ಲಿ ಅಂಥ ಏರಿಕೆ ಕಾಣಲಿಲ್ಲ. ಗೊತ್ತಿದ್ದೂ ಕಾಯಿಲೆಯವರನ್ನು ಟ್ರಿಪ್ಪಿಗೆ ಕಳಿಸಿದರೆ, 186ರ ಅಪರಾಧಕ್ಕೆ ಕುಮ್ಮಕ್ಕು ಕೊಟ್ಟವರಿಗೂ ಅದೇ ಶಿಕ್ಷೆ ಎಂದು 188ನೇ ಕಲಂ ಹೇಳುತ್ತದೆ. ಮತ್ತೊಂದು ಮಾತು: ನಾಲ್ಕೇ ಗಂಟೆ ಮಲಗಲು ಬಿಟ್ಟು ಎರಡು ದಿನದ ದಾರಿ ಒಂದೇ ದಿನದಲ್ಲಿ ಮುಗಿಸು ಎಂದರೆ ಯಾವ ಯಂತ್ರವೂ ನಿಮ್ಮ ಚಾಲಕರನ್ನು ಕಾಯಲಾರದು.

ಪ್ರಶ್ನೆ: ಟೆಕ್ಸಸ್‌ನಲ್ಲಿ ಟ್ರಕ್ ಓಡಿಸುತ್ತೇನೆ. ಈ ಸಲದ ಡಿಒಟಿ (ಅಮೆರಿಕದ ಸಾರಿಗೆ ಇಲಾಖೆ) ವೈದ್ಯಕೀಯ ಪರೀಕ್ಷೆಯಲ್ಲಿ ಬಿಎಂಐ 36, ಕತ್ತು 17.5 ಇಂಚು, ಬಿಪಿ ಇದೆ ಎಂದು ಮೂರೇ ತಿಂಗಳ ಸರ್ಟಿಫಿಕೇಟ್ ಕೊಟ್ಟು ಸ್ಲೀಪ್ ಟೆಸ್ಟ್ ಕೇಳಿದ್ದಾರೆ. ಅಂಥ ಕಾನೂನೇ ಇಲ್ಲ, ಬೇರೆ ಪರೀಕ್ಷಕರ ಹತ್ತಿರ ಹೋಗು ಎನ್ನುತ್ತಾರೆ ಗೆಳೆಯರು. — ಮೂಲತಃ ಮಂಡ್ಯದವರು

ಉತ್ತರ: ಗೆಳೆಯರ ಮಾತಿನ ಮೊದಲರ್ಧ ಸರಿ, ಎರಡನೆಯದು ಅಪಾಯ. ಇಂತಿಷ್ಟು ಬಿಎಂಐ ಇದ್ದವರಿಗೆ ಸ್ಲೀಪ್ ಟೆಸ್ಟ್ ಕಡ್ಡಾಯ ಎಂಬ ನಿಯಮ ಅಲ್ಲಿಲ್ಲ. ಅಂಥ ನಿಯಮ ತರುವ ಮೊದಲ ಹೆಜ್ಜೆಯನ್ನು 2016ರ ಮಾರ್ಚ್‌ನಲ್ಲಿ ಇಟ್ಟು, 2017ರ ಆಗಸ್ಟ್‌ನಲ್ಲಿ ಹಿಂತೆಗೆದುಕೊಂಡರು. ಆದರೆ ಅಲ್ಲಿನ ಕೇಂದ್ರ ನಿಯಮಾವಳಿಯ 49 ಸಿಎಫ್‌ಆರ್ 391.41(ಬಿ)(5) ಹಾಗೇ ಇದೆ: ಸುರಕ್ಷಿತ ಚಾಲನೆಗೆ ಅಡ್ಡಿಯಾಗುವಂಥ ಉಸಿರಾಟದ ದೋಷ ಇರಕೂಡದು. ಅದನ್ನು ತೂಗಿ ನೋಡುವ ಅಧಿಕಾರ ಪರೀಕ್ಷಕರದು. ಸರ್ಟಿಫಿಕೇಟಿನ ಗರಿಷ್ಠ ಅವಧಿ 24 ತಿಂಗಳು, ಅದಕ್ಕಿಂತ ಕಡಿಮೆ ಅವಧಿಗೆ ಕೊಡಲು ಅವರಿಗೆ ಪೂರ್ಣ ಹಕ್ಕಿದೆ.

ನಿಮ್ಮ ಪರೀಕ್ಷಕರು ಅಂಕಿಗಳನ್ನು ಗಾಳಿಯಿಂದ ತಂದಿಲ್ಲ. ಲಾರಿ-ಬಸ್ಸುಗಳ ಸುರಕ್ಷತೆ ನೋಡುವ ಅಲ್ಲಿನ ಕೇಂದ್ರ ಸಂಸ್ಥೆ ಎಫ್‌ಎಂಸಿಎಸ್‌ಎಯ ವೈದ್ಯಕೀಯ ಮಂಡಳಿ 2016ರಲ್ಲಿ ಕೊಟ್ಟ ಶಿಫಾರಸಿನಲ್ಲಿ ಬಿಎಂಐ 40 ಮುಟ್ಟಿದವರನ್ನು ನೇರವಾಗಿ, 33 ದಾಟಿದವರನ್ನು ಬಿಪಿ, ಮಧುಮೇಹ, ಜೋರು ಗೊರಕೆ, 17 ಇಂಚಿಗಿಂತ ದಪ್ಪ ಕತ್ತು, 42 ದಾಟಿದ ವಯಸ್ಸು ಮುಂತಾದವುಗಳಲ್ಲಿ ಮೂರಾದರೂ ಇದ್ದರೆ ಪರೀಕ್ಷೆಗೆ ಕಳಿಸಿ ಎಂದಿತ್ತು. ಅದು ಸಲಹೆ, ಕಾನೂನಲ್ಲ. ಪರೀಕ್ಷೆ ಮತ್ತು ಚಿಕಿತ್ಸೆಗೆಂದು 90 ದಿನದ ಷರತ್ತಿನ ಸರ್ಟಿಫಿಕೇಟ್, ಚಿಕಿತ್ಸೆ ಫಲಿಸಿದರೆ ಒಂದು ವರ್ಷದ್ದು ಎಂಬುದೂ ಅದರಲ್ಲೇ ಇದೆ. ನಿಮಗೆ ಸಿಕ್ಕ ಮೂರು ತಿಂಗಳು ಬಹುಶಃ ಅಲ್ಲಿಂದ ಬಂದದ್ದು.

ಬೇರೆ ಪರೀಕ್ಷಕರ ಹತ್ತಿರ ಹೋಗುವುದೇ ತಪ್ಪಲ್ಲ, ಮುಚ್ಚಿಟ್ಟು ಹೋಗುವುದು ತಪ್ಪು. ಎಂಸಿಎಸ್‌ಎ-5875 ಫಾರಂನಲ್ಲಿ ಜೋರು ಗೊರಕೆ, ನಿದ್ದೆಯಲ್ಲಿ ಉಸಿರು ನಿಲ್ಲುವುದು, ಹಗಲು ತೂಕಡಿಕೆಯ ಬಗ್ಗೆ ಸ್ಪಷ್ಟ ಪ್ರಶ್ನೆ ಇದೆ, ಹಿಂದೆ ಸ್ಲೀಪ್ ಟೆಸ್ಟ್ ಆಗಿದೆಯೇ ಎಂದೂ ಇದೆ. ಸುಳ್ಳು ಉತ್ತರ ಕೊಟ್ಟರೆ ಸರ್ಟಿಫಿಕೇಟ್ ಅಸಿಂಧುವಾಗಬಹುದು, ದಂಡವೂ ಇದೆ. 2025ರ ಜೂನ್ 23ರಿಂದ ಪರೀಕ್ಷೆಯ ಫಲಿತಾಂಶ ರಾಷ್ಟ್ರೀಯ ನೋಂದಣಿಯ ಮೂಲಕ ರಾಜ್ಯದ ಲೈಸೆನ್ಸ್ ಇಲಾಖೆಗೆ ನೇರವಾಗಿ ಹೋಗುವ ವ್ಯವಸ್ಥೆ ಶುರುವಾಗಿದೆ. ಮೂರು ತಿಂಗಳು ಮುಗಿದು ಹೊಸದು ದಾಖಲಾಗದಿದ್ದರೆ ಸಿಡಿಎಲ್, ಅಂದರೆ ಅಲ್ಲಿನ ವಾಣಿಜ್ಯ ವಾಹನದ ಲೈಸೆನ್ಸ್, ಕೆಳದರ್ಜೆಗೆ ಇಳಿಯುತ್ತದೆ. ಈ ವಾರವೇ ಟೆಸ್ಟ್ ಬುಕ್ ಮಾಡಿ. ಯಂತ್ರ ಬಂದರೆ ಮೊದಲ ರಾತ್ರಿಯಿಂದಲೇ ಹಾಕಿ, ಮರುಪರೀಕ್ಷೆಗೆ 30 ದಿನದ ಬಳಕೆಯ ವರದಿ ಒಯ್ಯಬೇಕಾಗುತ್ತದೆ. ಊರಿಗೆ ಬರುವಾಗ ಯಂತ್ರವನ್ನು ಕೈಚೀಲದಲ್ಲೇ ತನ್ನಿ. ಅಡಾಪ್ಟರ್ ಮೇಲೆ 100–240 ವೋಲ್ಟ್ ಎಂದು ಬರೆದಿದ್ದರೆ ಇಲ್ಲಿನ ಪ್ಲಗ್ ಪಿನ್ ಒಂದಿದ್ದರೆ ಸಾಕು.

ಪ್ರಶ್ನೆ: ತೂಕ ಇಳಿಸಿದರೆ ಯಂತ್ರ ಬಿಡಬಹುದೇ? ಗೊರಕೆಯ ಮೂಗಿನ ಕ್ಲಿಪ್ ಪ್ರಯೋಜನಕ್ಕೆ ಬರುತ್ತದೆಯೇ? — ಟ್ಯಾಕ್ಸಿ ಚಾಲಕ, ಮೈಸೂರು

ಉತ್ತರ: ತೂಕ ಇಳಿಸುವುದರಿಂದ ನಿಜಕ್ಕೂ ಲಾಭವಿದೆ. ದೇಹದ ತೂಕದಲ್ಲಿ ನೂರಕ್ಕೆ 10ರಷ್ಟು ಇಳಿದರೆ ಎಎಚ್‌ಐ ಸುಮಾರು ಕಾಲು ಭಾಗ ಇಳಿಯುತ್ತದೆ. 40 ಇದ್ದದ್ದು 30 ಆದರೂ ಅದು ಇನ್ನೂ ತೀವ್ರದ ಗಡಿಯೇ. ಆದ್ದರಿಂದ ಮತ್ತೊಮ್ಮೆ ಪರೀಕ್ಷೆ ಮಾಡಿಸದೆ ಯಂತ್ರ ಬಿಡಬೇಡಿ. ಕ್ಲಿಪ್ ಮೂಗನ್ನು ಹಿಗ್ಗಿಸುತ್ತದೆ, ಗಂಟಲು ಮುಚ್ಚುವುದನ್ನು ತಡೆಯಲಾರದು. ಕಾಯಿಲೆ ಸೌಮ್ಯ ಅಥವಾ ಮಧ್ಯಮವಾಗಿದ್ದು ಮಾಸ್ಕ್ ಒಗ್ಗದಿದ್ದರೆ, ಕೆಳದವಡೆಯನ್ನು ಮುಂದಕ್ಕೆ ಹಿಡಿಯುವ ಸಾಧನವನ್ನು ದಂತವೈದ್ಯರು ಹಲ್ಲಿನ ಅಚ್ಚು ತೆಗೆದು ಮಾಡಿಕೊಡುತ್ತಾರೆ. ಅಂಗಾತ ಮಲಗಿದಾಗ ಮಾತ್ರ ಉಸಿರು ಕಟ್ಟುತ್ತದೆ ಎಂದು ವರದಿಯಲ್ಲಿದ್ದರೆ, ಹಳೆಯ ಬನಿಯನ್ನಿನ ಬೆನ್ನಿಗೆ ಜೇಬು ಹೊಲಿಸಿ ಟೆನಿಸ್ ಚೆಂಡು ಇಟ್ಟು ಮಲಗಿ ನೋಡಬಹುದು. ಮಲಗುವ ಮೊದಲಿನ ಮದ್ಯವನ್ನೂ ವೈದ್ಯರು ಬರೆಯದ ನಿದ್ದೆ ಮಾತ್ರೆಯನ್ನೂ ಇವತ್ತಿನಿಂದಲೇ ನಿಲ್ಲಿಸಿ. ಎರಡೂ ಗಂಟಲನ್ನು ಇನ್ನಷ್ಟು ಸಡಿಲಗೊಳಿಸುತ್ತವೆ.